ಕಬ್ಬಿಣದ ಕೊಸರು

ದಪ್ಪ ಅಳೆಯುವ ಕ್ಯಾಲಿಪರ್‌ನ ದವಡೆ ಎಂಟು ಮಿಲಿಮೀಟರಿನ ಗೆರೆಗೆ ನಿಂತಿತು. ಬಿಡಿಸಿದೆ. ಸರಳಿನ ಮೇಲಿದ್ದ ಬಣ್ಣದ ತೆಳು ಪದರವನ್ನು ಉಗುರಿನಿಂದ ಕೆರೆದು ಮತ್ತೆ ಹಿಡಿದೆ. ಎಂಟೇ. ಚೀಲದಿಂದ ಇನ್ನೊಂದು ಕ್ಯಾರಿಯರ್ ಎಳೆದು ಅದರ ಎಡಗಾಲು, ಬಲಗಾಲು, ಮೇಲಿನ ಅಡ್ಡ ಸರಳು ಮೂರನ್ನೂ ಅಳೆದೆ. ಮೂರೂ ಎಂಟು. ನನ್ನ ತೊಡೆಯ ಮೇಲಿದ್ದ ನಕ್ಷೆಯಲ್ಲಿ ಆರು ಎಂದಿತ್ತು.

"ಏನ್ ನೋಡಾಕತ್ತೀ ಅಷ್ಟೊತ್ತು?" ಅಪ್ಪ ಕೇಳಿದ. ಅವನು ಕೊನೆಯ ಚೀಲದ ಬಾಯಿ ಹೊಲಿಯುತ್ತಿದ್ದ.

"ಇದು ಎಂಟೈತಿ."

"ಹೌದು. ಎಂಟ ಹಾಕೀವಿ."

ಹೇಳಿದ ರೀತಿಯಲ್ಲಿ ಅಳುಕಿರಲಿಲ್ಲ. ಮಗಳಿಗೆ ಒಂದು ಒಳ್ಳೆಯ ಸುದ್ದಿ ಮುಟ್ಟಿಸಿದ ಹಾಗೆ ನನ್ನ ಕಡೆ ನೋಡಿ, ದಬ್ಬಣವನ್ನು ಮತ್ತೆ ಚೀಲಕ್ಕೆ ಚುಚ್ಚಿದ.

ಸೈಕಲ್ಲಿನ ಹಿಂದಿನ ಗಾಲಿಯ ಮೇಲೆ ಕೂರುವ ಕ್ಯಾರಿಯರ್ ಮಾಡುವುದು ಅಪ್ಪನ ಉದ್ಯೋಗ. ಅಪ್ಪ ಒಬ್ಬನದೇ ಅಲ್ಲ. ಜಮಖಂಡಿಯ ಹಳೇ ಪೇಟೆಯ ಹಿಂದಿನ ಓಣಿಯಲ್ಲಿ ಐದು ಅಂಗಡಿಗಳಿವೆ. ಒಂದರಲ್ಲಿ ಸರಳು ಕತ್ತರಿಸುತ್ತಾರೆ, ನಮ್ಮದರಲ್ಲಿ ಬಗ್ಗಿಸುತ್ತೇವೆ, ಎದುರಿನದರಲ್ಲಿ ವೆಲ್ಡಿಂಗ್ ಆಗುತ್ತದೆ, ಅದರ ಮಗ್ಗುಲಲ್ಲಿ ಸ್ಟ್ಯಾಂಡ್ ಮಾಡುತ್ತಾರೆ, ಓಣಿಯ ತುದಿಗೆ ಬಣ್ಣದವರಿದ್ದಾರೆ. ಯಾವ ಅಂಗಡಿಯೂ ಒಂಟಿಯಾಗಿ ಒಂದು ಕ್ಯಾರಿಯರ್ ಹುಟ್ಟಿಸಲಾರದು. ನಾನು ಸಣ್ಣವಳಿದ್ದಾಗ ಓಣಿಯಲ್ಲಿ ಒಂಬತ್ತು ಅಂಗಡಿಗಳಿದ್ದವು. ಹುನ್ನೂರಿನ ಹಾಲಿನವರು ಎರಡೂ ಕಡೆ ಕ್ಯಾನ್ ತೂಗುಬಿಡಲು, ಬನಹಟ್ಟಿಯ ನೇಕಾರರು ಸೀರೆಯ ಗಂಟು ಹೇರಲು, ದನದವರು ಮೇವಿನ ಹೊರೆ ಕಟ್ಟಲು ನಮ್ಮ ಕ್ಯಾರಿಯರ್‌ಗಳನ್ನೇ ಒಯ್ಯುತ್ತಿದ್ದರು. ಈಗ ಹಾಲು, ಸೀರೆ, ಮೇವು ಎಲ್ಲವೂ ಮೋಟಾರ್‌ಸೈಕಲ್ ಮೇಲೆ ಹೋಗುತ್ತವೆ.

ಓಣಿಗೆ ತನ್ನದೇ ಒಂದು ಪರೀಕ್ಷೆ ಇದೆ. ಹೊಸ ನಮೂನೆಯ ಮೊದಲ ಕ್ಯಾರಿಯರ್ ತಯಾರಾದ ದಿನ ಅದನ್ನು ಸೈಕಲ್ಲಿಗೆ ಬಿಗಿದು, ಸೈಕಲ್ಲನ್ನು ಗೋಡೆಗೆ ಆನಿಸಿ, ಇಬ್ಬರು ಗಂಡಸರು ಅದರ ಮೇಲೆ ಹತ್ತಿ ನಿಲ್ಲುತ್ತಾರೆ. ಬಾಗದಿದ್ದರೆ ಮಾಲು ಓಣಿ ಬಿಡುತ್ತದೆ. ಬಾಗಿದರೆ ಅದನ್ನು ಎಲ್ಲರ ಎದುರಿಗೆ ಕತ್ತರಿಸಿ ಗುಜರಿಗೆ ಹಾಕುತ್ತಾರೆ. ಯಾರು ಶುರುಮಾಡಿದರೋ ಗೊತ್ತಿಲ್ಲ. ಹಾಗೆ ಹತ್ತಿ ನಿಲ್ಲುವವರಲ್ಲಿ ಒಬ್ಬರು ಯಾವಾಗಲೂ ಎದುರಿನ ವೆಲ್ಡಿಂಗ್ ಅಂಗಡಿಯ ಚಾಚಾ. ಓಣಿಗೆ ಅವರೇ ಹಿರಿಯರು.

ಅಂದು ಗೋಣಿಚೀಲಗಳಲ್ಲಿ ಇದ್ದವು ಇನ್ನೂರು ಕ್ಯಾರಿಯರ್. ದಕ್ಷಿಣದ ಕಡೆ ಸೈಕಲ್ ಜೋಡಿಸುವ ಒಂದು ಕಂಪನಿ ಪರೀಕ್ಷೆಗೆಂದು ಕೇಳಿದ ಮಾಲು ಅದು. ಪಾಸಾದರೆ ವರ್ಷವಿಡೀ ಐದೂ ಅಂಗಡಿಗೆ ಕೆಲಸ. ಆಗದಿದ್ದರೆ ಬಾಗಿಲು ಹಾಕುವುದೆಂದು ಐದೂ ಜನ ಚಹಾ ಕುಡಿಯುತ್ತ ಒಂದೇ ಮಾತಿನಲ್ಲಿ ತೀರ್ಮಾನಿಸಿಬಿಟ್ಟಿದ್ದರು. ಅಪ್ಪನಿಗೆ ಐವತ್ತಾರು. ಬೇರೆ ಕೆಲಸ ಅವನು ಮಾಡಿದವನಲ್ಲ.

ಆ ಪರೀಕ್ಷೆಯ ಮಾಲು ಓಣಿಗೆ ಬಂದದ್ದು ನನ್ನಿಂದ.

ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುವಾಗ ನಾನು ಪ್ರಬಂಧ ಬರೆದದ್ದು ಸೈಕಲ್ ಉದ್ಯಮದ ಮೇಲೆ. ಒಂದೇ ಕಸುಬಿನ ಸಣ್ಣ ಘಟಕಗಳು ಒಂದೇ ಊರಲ್ಲಿ ಗುಂಪುಗೂಡಿದರೆ ಪೈಪೋಟಿಯಲ್ಲಿ ಏಕೆ ಗೆಲ್ಲುತ್ತವೆ ಎಂಬುದು ಅದರ ಪ್ರಶ್ನೆ. ಅದಕ್ಕಾಗಿ ಎಂಟು ದಿನ ಪಂಜಾಬಿನ ಲುಧಿಯಾನಕ್ಕೆ ಹೋಗಿದ್ದೆ. ಅಲ್ಲಿ ಒಂದು ಬೀದಿಯಲ್ಲಿ ಗಾಲಿಯ ಕಡ್ಡಿ, ಪಕ್ಕದ ಬೀದಿಯಲ್ಲಿ ಹಬ್ಬು, ಅದರ ಹಿಂದೆ ಮಡ್‌ಗಾರ್ಡ್, ಎಡಕ್ಕೆ ತಿರುಗಿದರೆ ನಿಕ್ಕಲ್ ಲೇಪನ. ಒಂದು ಯಂತ್ರ ನಾನು ಉಸಿರು ಎಳೆದು ಬಿಡುವಷ್ಟರಲ್ಲಿ ಒಂದು ಕ್ಯಾರಿಯರ್‌ನ ಮೇಲ್ಭಾಗವನ್ನು ಒತ್ತಿ ಕೆಳಗೆ ಬೀಳಿಸುವುದನ್ನು ನೋಡಿದೆ. ಅಪ್ಪ ಅದೇ ಕೆಲಸಕ್ಕೆ ಮೊಣಕಾಲು ಊರಿ ಮೂರು ಸಲ ಸರಳು ತಿರುಗಿಸುತ್ತಾನೆ. ಆ ಸಂಜೆ ವಸತಿಗೃಹದಲ್ಲಿ ಊಟ ಮಾಡದೆ ಮಲಗಿದೆ. ಅಪ್ಪನಿಗೆ ಈ ತನಕ ಆ ಯಂತ್ರದ ವಿಷಯ ಹೇಳಿಲ್ಲ.

ಓದು ಮುಗಿದ ಮೇಲೆ, ಸಣ್ಣ ಕೈಗಾರಿಕೆಗಳ ವರದಿ ತಯಾರಿಸುವ ಒಂದು ಖಾಸಗಿ ಕಚೇರಿಯಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ರಬಕವಿ-ಬನಹಟ್ಟಿಯ ಮಗ್ಗಗಳು, ಮುಧೋಳದ ಗಾಣಗಳು, ಬೀಳಗಿಯ ಕಮ್ಮಾರರು, ಎಲ್ಲವನ್ನೂ ನಾನೇ ಸುತ್ತಿ ಬರೆದೆ. ಜಮಖಂಡಿಯ ಕ್ಯಾರಿಯರ್ ಓಣಿಗೂ ಒಂದು ಅಧ್ಯಾಯ ಬರೆದೆ. ಐದು ಘಟಕಗಳಲ್ಲಿ ಒಂದು ನನ್ನ ತಂದೆಯದು ಎಂದು ಅದರಲ್ಲಿ ಬರೆಯಲಿಲ್ಲ. 'ಸ್ಥಳೀಯ ಅಗತ್ಯಕ್ಕಿಂತ ಗಟ್ಟಿಯಾದ ಮಾಲು ತಯಾರಿಸುವುದು ಈ ಗುಂಪಿನ ಮುಖ್ಯ ಬಲ' ಎಂದು ಬರೆದೆ. ನಮ್ಮ ಕಚೇರಿಯವರು ಆ ಅಧ್ಯಾಯವನ್ನು ಕಂಪನಿಗೆ ತೋರಿಸಿದರು. ಲುಧಿಯಾನಕ್ಕಿಂತ ಹತ್ತಿರದಲ್ಲಿ ಮಾಲು ಸಿಗುವುದಾದರೆ ನೋಡೋಣವೆಂದು ಕಂಪನಿಯವರು ನಕ್ಷೆ ಕಳಿಸಿದರು.

ನಕ್ಷೆ ಬಂದ ದಿನ ಐದೂ ಅಂಗಡಿಯವರು ನಮ್ಮ ಕಟ್ಟೆಯ ಮೇಲೆ ಕೂಡಿದರು. ನಾನು ಹಾಳೆ ಹರಡಿ ಒಂದೊಂದೇ ಅಳತೆ ಓದಿದೆ.

"ಸರಳು ಆರು ಎಂಎಂ."

"ಎಷ್ಟ್?" ಎಂದರು ಚಾಚಾ.

"ಆರು, ಚಾಚಾ."

"ಇದು ಕ್ಯಾರಿಯರ್ ಏನ್ ತಂಗಿ, ಶಾವಿಗಿ ಒಣ ಹಾಕೂ ಕೋಲೋ?"

ಎಲ್ಲರೂ ನಕ್ಕರು. ಅಪ್ಪ, "ಸಾಲಿ ಹುಡುಗೂರ ಸೈಕಲ್ಲಂತ ಚಾಚಾ. ಪುಸ್ತಕದ ಚೀಲ ಇಡಾಕ ಅಷ್ಟ ಸಾಕು" ಅಂದ.

"ಲೇ, ಈಕಿ ಸಾಲಿಗೆ ಹೋಗೂವಾಗ ಹಿಂದ ಬರೇ ಚೀಲ ಕುಂಡ್ರತಿತ್ತೇನ್? ಇಬ್ರ ಗೆಳತ್ಯಾರು ಕುಂಡ್ರತಿದ್ರು. ನಾ ನೋಡೀನಿ. ಒಂದಿನ ಗಟಾರದಾಗ ಬಿದ್ದಿದ್ರು ಮೂರೂ ಮಂದಿ."

"ಬಿದ್ದದ್ದು ಕ್ಯಾರಿಯರ್ ಮುರದಲ್ಲ ಚಾಚಾ," ಎಂದೆ.

"ಮತ್ತ! ಅದನ್ನ ಹೇಳಾಕತ್ತೇನಿ. ನೀವ್ ಬಿದ್ರಿ, ಕ್ಯಾರಿಯರ್ ಬೀಳಲಿಲ್ಲ. ಯಾಕಂದ್ರ ಅದು ನಾ ಬೆಸದಿದ್ದು."

ಮತ್ತೆ ನಗು. ಮುಂದಿನ ಅಳತೆಗೆ ಹೋದೆವು. ಪ್ರತಿ ಅಳತೆಯ ಮುಂದೆ ಇನ್ನೊಂದು ಸಣ್ಣ ಅಂಕಣವಿತ್ತು: ಎಷ್ಟು ಹೆಚ್ಚಾದರೆ, ಎಷ್ಟು ಕಡಿಮೆಯಾದರೆ ನಡೆಯುತ್ತದೆ ಎಂದು. ಅದನ್ನು ನಾನು ಓದಿ ಹೇಳಲಿಲ್ಲ. ಮರೆತದ್ದಲ್ಲ. ಆರು ಎಂದ ಮೇಲೆ ಆರೇ ಎನ್ನುವುದು ನನಗೆ ಹೇಳಬೇಕಾದ ಮಾತೆಂದು ಅನಿಸಲಿಲ್ಲ.

ಮರುದಿನ ನಾನು ಬೀಳಗಿಗೆ ಹೋದೆ. ಕಮ್ಮಾರರ ವರದಿಯ ಬಾಕಿ ಕೆಲಸ ಹತ್ತು ದಿನ ಹಿಡಿಯಿತು. ಫೋನಿನಲ್ಲಿ ಅಪ್ಪ ದಿನಾ "ಛಲೋ ನಡದೈತಿ" ಎನ್ನುತ್ತಿದ್ದ. ನಾನು ತಿರುಗಿ ಬಂದ ದಿನವೇ ಮಧ್ಯಾಹ್ನ ಕಂಪನಿಯ ಎಂಜಿನಿಯರ್ ಬರುವವರಿದ್ದರು. ಬ್ಯಾಗ್ ಇಟ್ಟು ಕೈಕಾಲು ತೊಳೆದು, ಅವರಿಗಿಂತ ಮೊದಲು ನಾನೊಮ್ಮೆ ಅಳೆದು ನೋಡೋಣವೆಂದು ಕ್ಯಾಲಿಪರ್ ಹಿಡಿದು ಕೂತೆ.

"ಆರು ಯಾಕ್ ಹಾಕಲಿಲ್ಲ?" ಎಂದೆ.

ಅಪ್ಪ ಸುತ್ತಿಗೆ, ಇಕ್ಕಳ ಎಲ್ಲ ಒಂದು ಕಡೆ ಸರಿಸಿ ಕೂತು ಹೇಳಿದ. ಮೊದಲು ಆರರದ್ದೇ ತಂದು ಒಂದು ಮಾಡಿದ್ದರು. ಗೋಡೆಗೆ ಆನಿಸಿ ಚಾಚಾ ಮತ್ತು ಬಣ್ಣದ ಅಂಗಡಿಯವರು ಹತ್ತಿ ನಿಂತರು. ಬಾಗಿತು. ಬರೀ ಬಾಗಲಿಲ್ಲ, ಬಣ್ಣದವರು ಕಾಲು ಜಾರಿ ಚಾಚಾನ ಮೈಮೇಲೆ ಬಿದ್ದರು. ಓಣಿಯ ಹೆಂಗಸರೆಲ್ಲ ನಕ್ಕರು. ಪದ್ಧತಿಯಂತೆ ಅದನ್ನು ಕತ್ತರಿಸಿದರು. ಇಂಥದ್ದು ಓಣಿ ಬಿಡಬಾರದೆಂದು ಐದೂ ಮಂದಿ ಮಾತಾಡಿಕೊಂಡು, ಆರರ ಸರಳು ಮರಳಿಸಿ, ಕೈಯಿಂದ ರೊಕ್ಕ ಹಾಕಿ ಎಂಟರದ್ದು ತಂದರು.

"ಕಂಪನ್ಯಾವ್ರಿಗೆ ಹೆಚ್ಚಿಗಿ ರೊಕ್ಕ ಕೇಳಂಗಿಲ್ಲ," ಅಪ್ಪ ಹೇಳಿದ. "ಹೆಚ್ಚ ಹಾಕೀವಿ, ಕಡಿಮಿ ಹಾಕಿಲ್ಲ. ಹುಡುಗೂರು ಕುಂಡ್ರೂವಂಥದ್ದು, ಯವ್ವಾ. ನೀನ ಬರದಿದ್ದಿ ಅಲ್ಲ, ನಮ್ಮ ಮಾಲು ಗಟ್ಟಿ ಅಂತ."

ಹಾಲಿನವಳು ಅಳೆದ ಮೇಲೆ ಇನ್ನೊಂದು ಚೂರು ಹೊಯ್ಯುತ್ತಾಳೆ. ಕಾಯಿಪಲ್ಯದವಳು ತೂಗಿದ ಮೇಲೆ ಎರಡು ಮೆಣಸಿನಕಾಯಿ ಉಡಿಗೆ ಹಾಕುತ್ತಾಳೆ. ಅಳತೆಗಿಂತ ಹೆಚ್ಚು ಕೊಟ್ಟದ್ದು ತಪ್ಪಾದ ಉದಾಹರಣೆ ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಅಪ್ಪ ಕಬ್ಬಿಣದಲ್ಲಿ ಕೊಸರು ಹಾಕಿದ್ದ.

ಎಂಜಿನಿಯರ್‌ಗೆ ಆಗಲೇ ಫೋನ್ ಮಾಡಿ, ಬರಬೇಡಿ, ಹದಿನೈದು ದಿನ ಕೊಡಿ ಎಂದು ಕೇಳಬಹುದಿತ್ತು. ಫೋನ್ ಕೈಯಲ್ಲೇ ಇತ್ತು. ತೂಕ ಹೆಚ್ಚಾಗಿರುವುದಕ್ಕೆ ಅವರು ಏನಾದರೂ ಅನ್ನಬಹುದು, ಆದರೆ ಗಟ್ಟಿತನ ನೋಡಿ ಒಪ್ಪಬಹುದು ಎಂದು ನನ್ನೊಳಗೆ ಲೆಕ್ಕ ಹಾಕಿದೆ. ಆ ಲೆಕ್ಕ ಹಾಕಿದ್ದು ಅರ್ಥಶಾಸ್ತ್ರ ಓದಿದವಳಲ್ಲ, ಈ ಓಣಿಯವಳು. ಫೋನ್ ಮಾಡಲಿಲ್ಲ.

ಅವರು ಎರಡು ಗಂಟೆಗೆ ಬಂದರು. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಮೈಸೂರು ಕಡೆಯ ಮಾತು. ಕಾರಿನಿಂದ ಒಂದು ಹೊಸ ಸೈಕಲ್ ಇಳಿಸಿ, ತಾವೇ ಗಾಲಿ ಜೋಡಿಸಿ ನಿಲ್ಲಿಸಿದರು. ಅವ್ವ ಅವಲಕ್ಕಿ, ಚಹಾ ಕಳಿಸಿದಳು. ಅವರು ಬೇಡವೆನ್ನದೆ ತಿಂದು, ತಟ್ಟೆಯನ್ನು ಬಗ್ಗಿ ಕೆಳಗಿಟ್ಟು, ಚೀಲಗಳಲ್ಲಿ ಅಲ್ಲಲ್ಲಿಂದ ಹತ್ತು ಕ್ಯಾರಿಯರ್ ಎತ್ತಿ ತೂಕದ ಯಂತ್ರದ ಮೇಲಿಟ್ಟರು.

"ತೂಕ ಜಾಸ್ತಿ ಬರ್ತಾ ಇದೆ ಯಜಮಾನ್ರೇ. ಒಂದೊಂದೂ ನಕ್ಷೆಗಿಂತ ಅರ್ಧ ಕೇಜಿ ಮೇಲೇ ಇದೆ."

"ಗಟ್ಟಿ ಮಾಡೀವ್ರಿ ಸಾಹೇಬ್ರ," ಎಂದರು ಚಾಚಾ, ಎದುರಿನ ಅಂಗಡಿಯಿಂದ ಕೈ ಒರೆಸಿಕೊಳ್ಳುತ್ತ ಬಂದು. "ಬರ್ರಿ, ನೀವು ನಾನು ಇಬ್ರೂ ಮ್ಯಾಲ ಹತ್ತಿ ನಿಂದ್ರೂಣು. ಮುರದ್ರ ನನ್ನ ಮೀಸಿ ತಗಿತೇನಿ."

"ನಿಮಗೆ ಮೀಸೆ ಇಲ್ವಲ್ಲ," ಎಂದು ಅವರು ನಕ್ಕರು.

"ಅದಕ್ಕ ಪಣ ಕಟ್ಟೇನ್ರಿ."

ಎಲ್ಲರೂ ನಕ್ಕ ಆ ಗಳಿಗೆಯಲ್ಲಿ ಇದು ಆಗಿಹೋಗುತ್ತದೆ ಎಂದು ನನಗೆ ಅನಿಸಿತು. ಎಂಜಿನಿಯರ್ ಒಂದು ಕ್ಯಾರಿಯರ್ ತೆಗೆದುಕೊಂಡು ಸೈಕಲ್ಲಿಗೆ ಕೂರಿಸಿದರು. ಕ್ಯಾರಿಯರ್‌ನ ಕಾಲಿನ ತುದಿಯನ್ನು ತಟ್ಟಿ ಚಪ್ಪಟೆ ಮಾಡಿ ತೂತು ಹಾಕಿರುತ್ತದೆ. ಆ ತೂತಿನೊಳಗೆ ಹಿಂದಿನ ಗಾಲಿಯ ಆಕ್ಸಲ್ ಬಂದು, ಅದರ ಮೇಲೆ ನಟ್ಟು ಕೂರುತ್ತದೆ. ಗಾಲಿಯನ್ನು ಹಿಡಿದಿಡುವ ನಟ್ಟೂ ಅದೇ. ಅವರು ಎರಡೂ ಕಡೆ ನಟ್ಟು ಬಿಗಿದರು. ನಂತರ ಅಪ್ಪನನ್ನು ಕರೆದರು.

"ಇಲ್ಲಿ ನೋಡಿ."

ಅಪ್ಪ ಕುಕ್ಕರಗಾಲಲ್ಲಿ ಕೂತ. ನಾನು ಅವನ ಹಿಂದೆ ಬಗ್ಗಿ ನೋಡಿದೆ. ಸರಿಯಾಗಿ ಕೂತ ನಟ್ಟಿನಿಂದ ಆಕ್ಸಲ್‌ನ ತುದಿ ಎರಡು ಮೂರು ತಿರುಪಿನ ಎಳೆ ಹೊರಗೆ ಚಾಚಿರಬೇಕು. ಇಲ್ಲಿ ಅದು ಹೊರಗೆ ಬಂದೇ ಇರಲಿಲ್ಲ. ನಟ್ಟಿನೊಳಗೆ ಅರ್ಧಕ್ಕೆ ನಿಂತು, ಉಳಿದ ಅರ್ಧ ಬರಿದಾಗಿ, ಒಂದು ಸಣ್ಣ ಕತ್ತಲ ತೂತಾಗಿ ಕಾಣುತ್ತಿತ್ತು. ದಪ್ಪ ಸರಳಿನ ದಪ್ಪ ತುದಿ ಆಕ್ಸಲ್‌ನ ಜಾಗವನ್ನು ತಿಂದಿತ್ತು.

"ಈ ಆಕ್ಸಲ್ ಇಷ್ಟ್ಯಾಕ ಗಿಡ್ಡೈತಿ?" ಎಂದ ಅಪ್ಪ.

"ಈಗೆಲ್ಲ ಇದೇ ಉದ್ದ. ಎಷ್ಟೋ ವರ್ಷದಿಂದ ಹೀಗೇ ಬರ್ತಿರೋದು."

"ನಮ್ಮ ಗಾಡ್ಯಾಗ ಇಷ್ಟುದ್ದ ಇರತೈತ್ರಿ," ಅಪ್ಪ ಎರಡು ಬೆರಳು ಅಗಲಿಸಿ ತೋರಿಸಿದ.

"ಅದು ಹಾಲಿನವರ ಹಳೆ ಸೈಕಲ್. ಇದು ಬೇರೆ." ಅವರು ನಿಂತು, ಸೈಕಲ್ಲನ್ನು ಸ್ವಲ್ಪ ಎತ್ತಿ ನೆಲಕ್ಕೆ ಕುಟ್ಟಿದರು. ಮತ್ತೆ ಕುಟ್ಟಿದರು. ಏಳೆಂಟು ಸಲ ಕುಟ್ಟಿದ ಮೇಲೆ ನಟ್ಟಿಗೆ ಬೆರಳು ಹಚ್ಚಿದರು. ಸ್ಪಾನರ್ ಇಲ್ಲದೆ, ಬರೀ ಬೆರಳಿಗೆ ಅದು ತಿರುಗಿತು. "ಹುಡುಗಿ ಸ್ಕೂಲಿಗೆ ಹೋಗ್ತಿರ್ತಾಳೆ. ಹಳ್ಳಿ ರಸ್ತೆ. ಗಾಲಿ ಕಳಚಿದ್ರೆ?"

ಚಾಚಾ ಬಗ್ಗಿ ತಾವೂ ನಟ್ಟು ತಿರುಗಿಸಿ ನೋಡಿದರು.

"ತುದಿ ಗ್ರೈಂಡ್ ಮಾಡಿ ತೆಳ್ಳಗ ಮಾಡ್ತೇವ್ರಿ," ಅಪ್ಪ ಹೇಳಿದ. "ಇನ್ನೂರೂ ಮಾಡ್ತೇವಿ. ಎರಡು ದಿನ ಕೊಡ್ರಿ."

"ತೂಕ ಏನ್ಮಾಡ್ತೀರಿ? ನಕ್ಷೆಯಲ್ಲಿ ಇಲ್ಲದ್ದನ್ನ ನಾನು ಪಾಸ್ ಮಾಡಕ್ಕಾಗಲ್ಲ ಯಜಮಾನ್ರೇ. ಟ್ರಯಲ್ ಒಂದೇ ಸಲ ಅಂತ ಮೊದಲೇ ಬರೆದಿದ್ದೀವಿ." ನಂತರ ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ಮೇಡಂ, ಟಾಲರೆನ್ಸ್ ಕಾಲಂ ಇವರಿಗೆ ಓದಿ ಹೇಳಿರಲಿಲ್ವಾ ನೀವು?"

"ಇಲ್ಲ," ಎಂದೆ. "ಹೇಳಿರಲಿಲ್ಲ."

ಅಪ್ಪ ನನ್ನನ್ನು ನೋಡಿದ. ಚಾಚಾ ನೋಡಿದರು. ನಂತರ ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ಎಂಜಿನಿಯರ್ ಸೈಕಲ್ಲಿನ ಗಾಲಿ ಬಿಚ್ಚಿ ಕಾರಿಗೆ ಏರಿಸಿ, ಎಲ್ಲರಿಗೂ ಕೈಮುಗಿದು ಹೋದರು. ಅವರ ಬಗ್ಗೆ ನನಗೆ ಯಾವ ದೂರೂ ಇಲ್ಲ.

ಲುಧಿಯಾನದಲ್ಲಿ ಕಡೆಯ ದಿನ ನಾನು ಒಂದು ಚಹಾದಂಗಡಿಯಲ್ಲಿ ಕೂತಿದ್ದೆ. ಒಂದೇ ಬೆಂಚಿನ ಮೇಲೆ ಆಕ್ಸಲ್ ಮಾಡುವವನೂ ಕ್ಯಾರಿಯರ್ ಮಾಡುವವನೂ ಕೂತು ಯಾರದೋ ಮದುವೆಯ ಊಟವನ್ನು ಬೈಯುತ್ತಿದ್ದರು. ಪ್ರಬಂಧದಲ್ಲಿ ಅದು ಬರಲಿಲ್ಲ, ಯಾಕೆಂದರೆ ಅದನ್ನು ಯಾವ ಕೋಷ್ಟಕದಲ್ಲಿ ಹಾಕಬೇಕೋ ತಿಳಿಯಲಿಲ್ಲ. ಬಾಡಿಗೆ, ಯಂತ್ರ, ಲೇಪನದ ಖರ್ಚು, ಸಾಗಾಣಿಕೆ ಎಂದು ನಲವತ್ತು ಪುಟ ತುಂಬಿಸಿದೆ. ಅಲ್ಲಿ ಆಕ್ಸಲ್ ಗಿಡ್ಡವಾದರೆ ಆ ಸುದ್ದಿ ಮರುದಿನವೇ ಬೆಂಚಿನ ಆ ತುದಿಗೆ ಮುಟ್ಟುತ್ತದೆ. ನಮ್ಮ ಓಣಿಗೆ ಅದು ಮುಟ್ಟಲು ಇಷ್ಟು ವರ್ಷ ಹಿಡಿಯಿತು, ಅದೂ ಕಾರಿನ ಹಿಂಬದಿಯಲ್ಲಿ ಬಂದು. ನಮ್ಮಲ್ಲಿ ಕತ್ತರಿಸುವವನು, ಬಗ್ಗಿಸುವವನು, ಬೆಸೆಯುವವನು ಇದ್ದಾರೆ. ಅಪ್ಪನ ಜೊತೆ ಚಹಾ ಕುಡಿಯಲು ಆಕ್ಸಲ್‌ನವನಿಲ್ಲ. ಆ ಗಿಡ್ಡ ಆಕ್ಸಲ್‌ಗಳ ರಾಶಿಯನ್ನು ನಾನು ನನ್ನ ಕಣ್ಣಿನಿಂದ ಅಲ್ಲಿ ನೋಡಿದ್ದೆ. ಮನೆಗೆ ಬಂದು ಹೇಳಲಿಲ್ಲ. ಬಹುಶಃ ಹೇಳಬೇಕಾದ ಸಂಗತಿ ಅಂದರೆ ದೊಡ್ಡದಾಗಿರಬೇಕು ಎಂದುಕೊಂಡಿದ್ದೆ.

"ಕಟರ್ ತಗೊಂಬಾರೋ," ಎಂದು ಚಾಚಾ ಸರಳು ಕತ್ತರಿಸುವ ಅಂಗಡಿಯವರಿಗೆ ಕೂಗಿ ಹೇಳಿದರು.

"ಯಾಕ್ ಚಾಚಾ," ಅಪ್ಪ ಕೇಳಿದ. ಅವನಿಗೆ ಗೊತ್ತಿತ್ತು.

"ಫೇಲಾದ ಮಾಲು ಓಣ್ಯಾಗ ಇದ್ದಂಗ ಸಾಬೂತ ಇರಬಾರದು."

"ಇನ್ನೂರು ಅದಾವ."

"ಎರಡಿದ್ರ ಕತ್ತರಸ್ತಿದ್ದಿಲ್ಲೇನ್? ಇನ್ನೂರಿಗೆ ಬ್ಯಾರೆ ಕಾಯ್ದೆ ಏನ್?"

ಹಾಲಿನವರ ಸೈಕಲ್ಲಿಗೆ ಅವು ಕೂರುವ ಹಾಗಿರಲಿಲ್ಲ, ಅಗಲ ಬೇರೆ. ಅಪ್ಪ ಸ್ವಲ್ಪ ಹೊತ್ತು ಹೊಲಿದ ಚೀಲಗಳನ್ನೇ ನೋಡಿದ. ಆಮೇಲೆ ತಾನೇ ದಬ್ಬಣ ತೆಗೆದುಕೊಂಡು ಹೊಲಿಗೆ ಬಿಚ್ಚಿದ.

ಸಂಜೆ ಆರರ ತನಕ ಕತ್ತರಿಸಿದರು. ಕಟರ್‌ನ ಸದ್ದಿಗೆ ಓಣಿಯ ಬಾಗಿಲುಗಳಲ್ಲಿ ಜನ ನಿಂತರು. ಒಂದು ಕ್ಯಾರಿಯರ್‌ಗೆ ಮೂರು ಕಡೆ ಕೊಯ್ತ. ಚಾಚಾ ಹಿಡಿಯುತ್ತಿದ್ದರು, ಅಪ್ಪ ಕತ್ತರಿಸುತ್ತಿದ್ದ. ನಾನು ತುಂಡುಗಳನ್ನು ಎತ್ತಿ ಚೀಲಕ್ಕೆ ಹಾಕಿದೆ. ತುಂಡುಗಳು ಬಿಸಿಯಿದ್ದವು. ಅವ್ವ ಎರಡು ಸಲ ನೀರು ತಂದಿಟ್ಟಳು, ಮೂರನೆಯ ಸಲ ಬಂದು, "ನಿನ್ನ ಕೈ ನೋಡ್ಕೋ ಬೇ, ಸುಟ್ಕೊಂಡೀ" ಎಂದು ನನ್ನ ಕೈಗೆ ತನ್ನ ಸೆರಗು ಸುತ್ತಲು ಬಂದಳು. ನಾನು ಕೈ ಹಿಂದೆ ಎಳೆದುಕೊಂಡೆ.

ಎಲ್ಲ ಮುಗಿದ ಮೇಲೆ ಅಪ್ಪನಿಗೆ ಹೇಳಿದೆ, "ಹೆಚ್ಚಾದ್ರೂ ತಪ್ಪು ಅಂತ ನಾ ಹೇಳಬೇಕಿತ್ತು."

ಅಪ್ಪ ಮುಖದ ಮೇಲಿನ ಕಬ್ಬಿಣದ ಪುಡಿಯನ್ನು ಅಂಗಿಯ ತೋಳಿನಿಂದ ಒರೆಸಿಕೊಂಡ. "ನೀ ಹೇಳಿದ್ರೂ ಚಾಚಾ ಕೇಳತಿದ್ದಿಲ್ಲ," ಎಂದ. ಕಟರ್‌ನ ತಂತಿ ಸುತ್ತುತ್ತ, ನನ್ನ ಕಡೆ ನೋಡದೆ, "ನಾ ಕೇಳತಿದ್ದೆ" ಎಂದ.

ಅಷ್ಟೇ ಅಂದದ್ದು. ಆಮೇಲೆ ಈ ವಿಷಯ ನಮ್ಮಿಬ್ಬರ ನಡುವೆ ಬಂದಿಲ್ಲ.

ಮರುದಿನ ಬೆಳಿಗ್ಗೆ ನಾನು ಅಪ್ಪನನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಮುಧೋಳದ ಕಡೆಗಿನ ಒಂದು ಸಕ್ಕರೆ ಕಾರ್ಖಾನೆಗೆ ಹೋದೆ. ಕಬ್ಬಿನ ಹಂಗಾಮು ಮುಗಿದು ಯಂತ್ರಗಳನ್ನು ಬಿಚ್ಚಿ ರಿಪೇರಿ ಮಾಡುವ ತಿಂಗಳುಗಳಲ್ಲಿ ಅಲ್ಲಿ ಕಬ್ಬಿಣದ ಕೆಲಸ ಬಲ್ಲವರನ್ನು ತೆಗೆದುಕೊಳ್ಳುತ್ತಾರೆ. ಗೇಟಿನ ಗುಮಾಸ್ತರು ಐಟಿಐ ಸರ್ಟಿಫಿಕೇಟ್ ಕೇಳಿದರು. ಇಲ್ಲವೆಂದೆವು. ಹಾಗಾದರೆ ಹೆಲ್ಪರ್ ಎಂದು ಬರೆಯಿರಿ ಅಂದರು. ಫಾರಂ ಇಂಗ್ಲಿಷಿನಲ್ಲಿತ್ತು. ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಮೇಲಿನಿಂದ ಕೆಳಗಿನ ತನಕ, ಹಿಂಬದಿಯ ಸಣ್ಣ ಅಕ್ಷರದ ಷರತ್ತುಗಳನ್ನೂ ಸೇರಿಸಿ, ಒಂದೊಂದೇ ಸಾಲನ್ನು ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದೆ. ನಮ್ಮ ಹಿಂದೆ ನಿಂತವರು ಅವಸರ ಮಾಡಿದರು. ನಾನು ಬಿಡಲಿಲ್ಲ. ಅಪ್ಪ ಎಲ್ಲದಕ್ಕೂ "ಹೂಂ" ಎಂದ. ಹುದ್ದೆಯ ಜಾಗದಲ್ಲಿ ಹೆಲ್ಪರ್ ಎಂದು ಬರೆದು, ಸಹಿ ಮಾಡುವ ಜಾಗ ತೋರಿಸಿದೆ.